ಬರೀ ಪ್ರಶ್ನೆ ಕೇಳಿ ಬೀಗ ತೆಗೆಸಿದವರು

ಕಳೆದ ವರ್ಷ ಆಷಾಢದ ಒಂದು ಶನಿವಾರ. ಜಯನಗರದ ಮಹಿಳಾ ಸಹಾಯ ಕೇಂದ್ರ ನಡೆಸುವ ಶಾಂತಕ್ಕ ಬೆಳಿಗ್ಗೆಯೇ ಫೋನ್ ಮಾಡಿದರು. "ಫೋಟೋಗಳು ಓಪನ್ನೇ ಆಗ್ತಿಲ್ಲ ಕಣಮ್ಮಾ. ಸೋಮವಾರ ಕೋರ್ಟಿದೆ. ನಮ್ಮಲ್ಲಿಗೆ ಬಂದಿರೋ ಒಬ್ಬ ಹುಡುಗಿಗೆ ಗಂಡ ಹೊಡೆದಿದ್ದಕ್ಕೆ ಅವಳ ಹತ್ರ ಇರೋ ಸಾಕ್ಷಿ ಅದೊಂದೇ." ಆ ಫೋಟೋಗಳಿಗೆ ಬೀಗ ಹಾಕಿದ್ದು ನಮ್ಮದೇ ಸಾಫ್ಟ್‌ವೇರ್.

ಬೇರೆಯವರು ನೋಡದಂತೆ ಫೈಲುಗಳಿಗೆ ಬೀಗ ಹಾಕುವ ಅದನ್ನು ನಾವು ಕೆಲವರು ಬಿಡುವಿನಲ್ಲಿ ಬರೆದು ಉಚಿತವಾಗಿ ಕೊಟ್ಟಿದ್ದೆವು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು. ಹಿಂದಿನ ವಾರದ ಹೊಸ ಆವೃತ್ತಿ ಎಡವಟ್ಟು ಮಾಡಿತ್ತು. ಬನಶಂಕರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡರೂ ದಾರಿ ಕಾಣಲಿಲ್ಲ.

ಬೀಗದ ಭಾಗ ಬರೆದವರು ರೆಜಾ, ನಾನು ಮುಖ ನೋಡಿರದ ವಿದೇಶಿ ಗೆಳೆಯ. ಅವರ ದೇಶದ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧವಿದೆ, ಬೀಗದ ಸಾಫ್ಟ್‌ವೇರ್ ಅಮೆರಿಕದ ರಫ್ತು ಕಾನೂನಿನ ಕಣ್ಣಿಗೆ ಬಿದ್ದ ಸರಕು. ನಾವು ಕೋಡ್ ಇಟ್ಟಿದ್ದ ಅಮೆರಿಕದ ಜಾಲತಾಣ ಅವರ ಖಾತೆಯನ್ನು ಮುಚ್ಚಿ ವರ್ಷವಾಗಿತ್ತು. "ಅವ್ರಿಂದ ಒಂದ್ ಸಾಲು ಕೋಡ್ ತಗೊಂಡ್ರೂ ನಿನ್ನ ಪ್ರಾಜೆಕ್ಟ್ ಮುಚ್ಚಿಸಿಬಿಡ್ತಾರೆ, ನೋಡ್ಕೋ" ಎಂದು ವಕೀಲೆ ಗೆಳತಿ ಹೆದರಿಸಿದ್ದಳು.

ಆದರೂ ಫೋನ್ ಮಾಡಿ ಆ ಹುಡುಗಿಯ ಫೋಟೋಗಳ ವಿಷಯ ಹೇಳಿದೆ. ರೆಜಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, "ನಾನು ಕೋಡ್ ಕಳಿಸೋದಿಲ್ಲ, ನಿಮಗೆ ತೊಂದರೆ. ಪ್ರಶ್ನೆ ಕೇಳ್ತೀನಿ, ನೀವೇ ಬರೀರಿ." ಕಾನೂನು ಅದನ್ನಾದರೂ ಒಪ್ಪುತ್ತದೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಮೊದಲ ಪ್ರಶ್ನೆಗೇ ಬೆಚ್ಚಿಬಿದ್ದೆ. "ಹೊಸ ಆವೃತ್ತೀಲಿ ನೀವು ತೆಗೆದ ಸಾಲು ಅಲ್ಲಿ ಯಾಕಿತ್ತು?" ನಮ್ಮಿಂದ ಹೊರಬಿದ್ದ ಮೇಲೂ ಈ ಮನುಷ್ಯ ನಮ್ಮ ಒಂದೊಂದು ಬದಲಾವಣೆಯನ್ನೂ ಓದುತ್ತಲೇ ಇದ್ದರು! ಆ ಸಾಲು ಇಲ್ಲದ್ದರಿಂದ ಬೀಗ ಹಾಕುವಾಗ ಕೀಲಿ ತಪ್ಪಾಗಿ ತಯಾರಾಗಿ, ಫೋಟೋಗಳಿಗೆ ಅದೇ ಕೀಲಿಯಿಂದ ಬೀಗ ಬಿದ್ದಿತ್ತು; ತೆಗೆಯುವಾಗ ಮಾತ್ರ ಸಾಫ್ಟ್‌ವೇರ್ ಸರಿಯಾದ ಕೀಲಿಯನ್ನೇ ಹಾಕುತ್ತಿತ್ತು. "ಹಾಗಾದ್ರೆ ತೆಗೆಯೋಕೆ ಯಾವ ಕೀಲಿ ಬೇಕು?" ಎಂದರು. ಅದೇ ತಪ್ಪು ಕೀಲಿ! ಉತ್ತರ ನನ್ನ ಬಾಯಿಂದಲೇ ಬಂತು. ಗೊತ್ತಿದ್ದೂ ಹೇಳದೆ, ನಾನು ತಡವರಿಸಿದಾಗಲೂ ಬೇಸರಿಸದೆ, ಅವರು ಕಾದಿದ್ದರು. ಅಂಥ ತಾಳ್ಮೆಯನ್ನು ನಾನು ಯಾರಲ್ಲೂ ಕಂಡಿಲ್ಲ.

ಆ ತಪ್ಪು ಕೀಲಿಯಿಂದಲೇ ಬೀಗ ತೆಗೆಯುವ ಕೋಡ್ ಬರೆದು ಶಾಂತಕ್ಕನಿಗೆ ಕಳಿಸಿದೆ. ಸಂಜೆ ಅವರ ಫೋನ್ ಬಂತು. "ಎಲ್ಲಾ ಫೋಟೋ ಬಂತಮ್ಮಾ" ಎಂದವರೇ ಆ ಹುಡುಗಿಗೆ ಹೇಳಲು ಫೋನ್ ಇಟ್ಟುಬಿಟ್ಟರು.

ಸುದ್ದಿ ಹೇಳಿ, ಪ್ರಾಜೆಕ್ಟಿನ ಪುಟದಲ್ಲಿ ಯಾವ ಹೆಸರಿನಲ್ಲಿ ನಿಮಗೆ ಧನ್ಯವಾದ ಬರೆಯಲಿ ಎಂದು ರೆಜಾ ಅವರನ್ನು ಕೇಳಿದೆ. ಹೆಸರೇನೂ ಬೇಡವೆಂದು ನಕ್ಕರು. ಆಮೇಲೆ ಕೇಳಿದರು, "ಆ ಹುಡುಗಿ ಜೊತೆ ಕೋರ್ಟಿಗೆ ಯಾರು ಹೋಗ್ತಾರೆ?"

ಆ ಯೋಚನೆಯೇ ನನಗೆ ಬಂದಿರಲಿಲ್ಲ. ಸೋಮವಾರ ರಜೆ ಹಾಕಿ ನಾನೇ ಹೋದೆ. ಅವಳ ಹೆಸರು ಕೂಗುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.