ಹೆಪ್ಪುಗಟ್ಟದ ಐಯು

ಆಲಿಶಾನ್ ಬೆಟ್ಟದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ದೀಪ ಹಾಕಿಕೊಂಡು ತೂ ಮಿಂಗ್‌ಯುವಾನ್ ಒಬ್ಬರೇ ಕೂತಿದ್ದಾರೆ. ಅಂಜೂರದ ಜಾತಿಯ ಐಯು ಬಳ್ಳಿಯ ಒಣಗಿದ ಕಾಯಿಯ ಒಳಮೈಯಿಂದ ಸಾಸಿವೆಗಿಂತ ಸಣ್ಣ ಬೀಜಗಳನ್ನು ಚಮಚದಲ್ಲಿ ಕೆರೆದು ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದಾರೆ. ಎದ್ದಾಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಅವರ ಬಗ್ಗೆ ಬರೆಯಲು ಬಂದಿರುವ ನಾನು ತಂದ ಈರುಳ್ಳಿ ರೊಟ್ಟಿ ಮೇಜಿನ ಮೇಲೆ ಆರುತ್ತಿದೆ.

"ಅದರ ಎಣ್ಣೆ ಬೆರಳಿಗೆ ಹತ್ತಿದ್ರೆ ಐಯು ಕೆಡುತ್ತೆ," ಎನ್ನುತ್ತಾರೆ. ಕೈ ತೊಳೆದುಕೊಳ್ಳಬಹುದಲ್ಲ ಎಂದರೆ, "ಸೋಪು ಅದಕ್ಕಿಂತ ಕೆಟ್ಟದ್ದು. ಹಸಿವೇ ವಾಸಿ."

ತೂ ಮೇಷ್ಟ್ರಿಗೆ ಐವತ್ತೆರಡು ವರ್ಷ. ದಿನವೂ ಕತ್ತಲಲ್ಲೇ ಚಿಯಾಯಿ ಪೇಟೆಯಿಂದ ಸ್ಕೂಟರಿನಲ್ಲಿ ಬೆಟ್ಟ ಹತ್ತುತ್ತಾರೆ. ಕೆಲಸ ಒಂದೊಂದು ವರ್ಷದ ಗುತ್ತಿಗೆಯದು, ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಅರ್ಜಿ, ಹೊಸದಾಗಿ ಸಂದರ್ಶನ. "ಹದಿನಾರು ವರ್ಷದಿಂದ ನಾನು ಇಲ್ಲಿ ಹೊಸ ಮೇಷ್ಟ್ರು," ಎಂದು ನಗುತ್ತಾರೆ. ನಗು ತುಟಿ ದಾಟುವುದಿಲ್ಲ. ಮಂಡಿ ನೋವಿದೆ, ನಿದ್ದೆ ಸಾಲದು. ಈ ಸಲ ಅದಕ್ಕಿಂತ ದೊಡ್ಡ ಚಿಂತೆ: ಆಹಾರ ರಸಾಯನ ವಿಭಾಗಕ್ಕೆ ಹತ್ತು ಮಕ್ಕಳು ಹೆಸರು ಕೊಡಬೇಕು, ಕೊಟ್ಟವರು ಆರು. ಇವತ್ತಿನ ಪರಿಚಯದ ಪಾಠವಾದ ಮೇಲೆ ಹೆಸರು ತೆಗೆದುಕೊಳ್ಳುವುದು ನಿಲ್ಲುತ್ತದೆ. ಹತ್ತಾಗದಿದ್ದರೆ ವಿಭಾಗ ಮುಚ್ಚುತ್ತದೆ, ಅವರ ಕೆಲಸವೂ ಹೋಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಈ ಬೆಟ್ಟಕ್ಕೂ ಸಲ್ಲುತ್ತದೆ. ಮೇಷ್ಟ್ರು ಪಾಠ ಮಾಡುವುದೆಲ್ಲ ಇಲ್ಲಿ ಬೆಳೆಯುವುದನ್ನೇ ಇಟ್ಟುಕೊಂಡು. ಚಹಾ ಎಲೆ ಯಾಕೆ ಕಪ್ಪಾಗುತ್ತದೆ, ಎಳೆ ಬಿದಿರು ಯಾಕೆ ಕಹಿ. ಮಕ್ಕಳು ಕೇಳುವ ಪ್ರಶ್ನೆ ಮಾತ್ರ ಒಂದೇ: "ಇದು ಪರೀಕ್ಷೆಗೆ ಬರುತ್ತಾ?" ಪಕ್ಕದ ಕೋಣೆಯಲ್ಲಿ ಬೇಕರಿ ಕೆಲಸ ಕಲಿಸುತ್ತಾರೆ, ಅಲ್ಲಿ ಕೂರಲು ಜಾಗವಿಲ್ಲ. ಮಕ್ಕಳನ್ನು ದೂರಿ ಏನು ಪ್ರಯೋಜನ, ಕೇಕು ಮಾಡಿದವರಿಗೆ ನಾಳೆಯೇ ಕೆಲಸ ಸಿಗುತ್ತದೆ.

ಅವರ ಹತ್ತಿರ ಒಂದು ಹಳೆಯ ಉಪಾಯವಿದೆ. ಐಯು ಬೀಜದ ಚೀಲವನ್ನು ತಣ್ಣೀರಿನಲ್ಲಿ ಕಿವುಚಿದರೆ ನೀರು ತಾನಾಗಿ ಜೆಲ್ಲಿಯಂತೆ ಹೆಪ್ಪುಗಟ್ಟುತ್ತದೆ, ಒಲೆಯ ಹಂಗಿಲ್ಲ. ಆ ತಿನಿಸಿಗೂ ಐಯು ಎಂದೇ ಹೆಸರು. ಇಲ್ಲಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಇದನ್ನು ಕಂಡಿರುತ್ತಾರೆ. ಮೇಷ್ಟ್ರು ಬೇಕೆಂದೇ ಬಟ್ಟಿ ಇಳಿಸಿದ ನೀರಿನಲ್ಲಿ ಕಿವುಚುತ್ತಾರೆ. ಅದು ಹೆಪ್ಪುಗಟ್ಟುವುದಿಲ್ಲ. ಯಾರಾದರೂ ಯಾಕೆ ಎಂದು ಕೇಳಲಿ ಎಂದು ಕಾಯುತ್ತಾರೆ. ಹೋದ ವರ್ಷ ಯಾರೂ ಕೇಳಲಿಲ್ಲ.

ಇವತ್ತೂ ಹಾಗೆಯೇ ಆಗುತ್ತಿದೆ. ಬೋಗುಣಿಯಲ್ಲಿ ನೀರು ನೀರಾಗಿಯೇ ಉಳಿದಿದೆ. ಅರ್ಧ ತರಗತಿ ಫೋನಿನಲ್ಲಿ ಮುಳುಗಿದೆ. ಹಿಂದಿನ ಬೆಂಚಿನ ವೋಯು ಎಂಬ ಹುಡುಗ, "ಮೇಷ್ಟ್ರೇ, ನಿಮ್ ಐಯುನೂ ನಿಮ್ ಹಾಗೇ, ಪರ್ಮನೆಂಟ್ ಆಗ್ತಾನೇ ಇಲ್ಲ," ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಮೇಷ್ಟ್ರೂ ನಗುತ್ತಾರೆ.

ಒಬ್ಬಳು ನಗುವುದಿಲ್ಲ. ಯಾಂಗುಯಿ, ತ್ಸೋ ಬುಡಕಟ್ಟಿನ ಹುಡುಗಿ. ಅವಳಜ್ಜಿ ಬಸ್ ನಿಲ್ದಾಣದ ಹತ್ತಿರ ನಿಂಬೆ ಪಾನಕ ಹಾಕಿದ ಐಯು ಮಾರುತ್ತಿದ್ದವರು.

"ಯಾವ ನೀರು ಹಾಕಿದ್ರಿ ಮೇಷ್ಟ್ರೇ?"

"ಬಟ್ಟಿ ಇಳಿಸಿದ್ದು. ಯಾಕಮ್ಮ?"

"ಶುದ್ಧ ನೀರಿನ ಮಿಷನ್‌ನಲ್ಲಿ ಬರುತ್ತಲ್ಲ, ಅದೂ ಹಿಂಗೇನಾ?"

ಹೆಚ್ಚುಕಡಿಮೆ ಹಾಗೆಯೇ ಎನ್ನುತ್ತಾರೆ ಮೇಷ್ಟ್ರು. ಬೀಜದ ಅಂಟು ಒಂದಕ್ಕೊಂದು ಕಚ್ಚಿಕೊಳ್ಳಲು ನೀರಿನಲ್ಲಿ ಸುಣ್ಣದ ಅಂಶ ಬೇಕು. ಝರಿಯ ನೀರಿನಲ್ಲಿ ಅದಿದೆ, ಮಿಷನ್ನು ಅದನ್ನು ತೆಗೆದುಬಿಡುತ್ತದೆ.

ಹುಡುಗಿಯ ಮುಖ ಕೆಂಪಾಗುತ್ತದೆ. ಪ್ರವಾಸಿಗರಿಗೆ ಚೊಕ್ಕ ನೀರು ಇರಲಿ ಎಂದು ಚಿಕ್ಕಪ್ಪ ಚಳಿಗಾಲದಲ್ಲಿ ಅಂಗಡಿಗೆ ಅಂಥದೊಂದು ಮಿಷನ್ ಹಾಕಿಸಿದ್ದಾನೆ. ಅವತ್ತಿನಿಂದ ಅಜ್ಜಿಯ ಐಯು ಹೆಪ್ಪುಗಟ್ಟಿಲ್ಲ. ಅಕ್ಕಪಕ್ಕದವರು ಮುದುಕಿಯ ಕೈಗುಣ ಹೋಯಿತು ಎಂದರು. ಅಜ್ಜಿ ಅದನ್ನು ನಂಬಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾರೆ. "ನಾನೂ ಬೈದೆ ಮೇಷ್ಟ್ರೇ. ಎಣ್ಣೆ ಕೈಲಿ ಮುಟ್ಟಿರ್ತೀಯ, ಸುಳ್ಳು ಹೇಳ್ಬೇಡ ಅಂದೆ."

ಅಲ್ಲಿಂದಲೇ ಫೋನ್ ಹಚ್ಚಿ ವಿಷಯ ಹೇಳುತ್ತಾಳೆ. ಅಜ್ಜಿಯ ದನಿ ಎಲ್ಲರಿಗೂ ಕೇಳುತ್ತದೆ. "ನೀನು ಸಮಾಧಾನಕ್ಕೆ ಹೇಳ್ತೀಯ. ಮೇಷ್ಟ್ರ ಬಾಯಲ್ಲಿ ಹೇಳ್ಸು, ನಾನು ಕಾಯ್ತೀನಿ."

ಮೇಷ್ಟ್ರು ಒದ್ದೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಳ್ಳುತ್ತಾರೆ. "ಅಮ್ಮಾ, ನಿಮ್ ಕೈ ಸರಿಯಾಗೇ ಇದೆ. ತಪ್ಪು ನೀರಿಂದು. ಝರಿ ನೀರಲ್ಲಿ ಮಾಡಿ ನೋಡಿ."

ಆ ಕಡೆಯಿಂದ ಅಜ್ಜಿ, "ಅಯ್ಯೋ, ಚಳಿಗಾಲದಿಂದ ಈ ಕೈ ನೋಡ್ಕೊಂಡು ಅತ್ತಿದೀನಲ್ಲ ಮೇಷ್ಟ್ರೇ."

ಫೋನ್ ನೋಡುತ್ತಿದ್ದವರೂ ತಲೆ ಎತ್ತಿದ್ದಾರೆ.

ಹಾಗೆಂದು ಪವಾಡವೇನೂ ನಡೆಯುವುದಿಲ್ಲ. ಸಂಜೆಗೆ ಹೆಸರು ಏಳಾಗುತ್ತದೆ, ಅಷ್ಟೇ. ಏಳನೆಯದು ಯಾಂಗುಯಿಯದೂ ಅಲ್ಲ. ಅವಳು ಬಾಗಿಲಲ್ಲಿ ನಿಂತು, "ಬೇಜಾರು ಮಾಡ್ಕೋಬೇಡಿ, ನಾನು ಬೇಕರಿಗೇ ಹೋಗ್ತೀನಿ. ಮನೆ ನಡೀಬೇಕಲ್ಲ," ಎನ್ನುತ್ತಾಳೆ. ಮೇಷ್ಟ್ರು, "ಹೋಗಮ್ಮ, ಚೆನ್ನಾಗಿ ಕಲಿ," ಎಂದು ಕಳಿಸುತ್ತಾರೆ. ವಿಭಾಗ ಮುಚ್ಚುತ್ತದೆ. ಬರುವ ವರ್ಷ ಈ ಕೋಣೆಯಲ್ಲಿ ಬೇರೆ ಯಾರೋ ಬಂದು ಕಾಫಿ ಮಾಡುವುದನ್ನು ಕಲಿಸುತ್ತಾರಂತೆ.

ಆರಿದ ರೊಟ್ಟಿಯನ್ನು ಅವರು ಈಗ ತಿನ್ನುತ್ತಿದ್ದಾರೆ. ಬೇಸರವಾಯಿತೇ ಎಂದು ಕೇಳುತ್ತೇನೆ.

"ಆಗದೆ ಇರುತ್ತಾ? ಸಾಕಾಗಿದೆ," ಎನ್ನುತ್ತಾರೆ. "ಆದ್ರೂ ನೋಡಿ, ಇಷ್ಟು ವರ್ಷ ಗಂಟೆ ಯಾವಾಗ ಹೊಡೆಯುತ್ತೆ ಅಂತ ಕಾಯೋರಿಗೇ ಪಾಠ ಮಾಡಿದೀನಿ. ಇವತ್ತು ಫೋನಿನ ಆ ಕಡೆ ಒಬ್ರು ಉತ್ತರಕ್ಕೆ ಕಾದಿದ್ರು."