ಮುಟ್ಟು ನಿಂತದ್ದಕ್ಕೆ ಕಾರಣ

೧೯೯೯ರಲ್ಲಿ ನಾನು ತುಮಕೂರಿನ ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಗುಬ್ಬಿ, ಕುಣಿಗಲ್ ಕಡೆಯವರು ಬೆಳಗಿನ ಬಸ್ಸಿಗೇ ಬಂದು, ಮಧ್ಯಾಹ್ನದೊಳಗೆ ತೋರಿಸಿಕೊಂಡು ಹೋಗುವ ಆತುರದಲ್ಲಿರುತ್ತಿದ್ದರು. ಆದರೆ ಶಿವಣ್ಣ ತನ್ನ ತಂಗಿಯನ್ನು ಕರೆತಂದದ್ದು ಸಂಜೆ, ರೋಗಿಗಳೆಲ್ಲ ಹೋದ ಮೇಲೆ. ಬೇಕೆಂದೇ ಆ ಹೊತ್ತಿಗೆ ಬಂದಿದ್ದಾನೆ ಎಂದು ನನಗೆ ಆಗಲೇ ಅನಿಸಿತು.

ಶಿವಣ್ಣ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ವಾಸ ಗುಬ್ಬಿಯಲ್ಲಿ. ತಂಗಿ ಜಯಮ್ಮನಿಗೆ ನಲವತ್ತೊಂದು ವರ್ಷ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಪಕ್ಕದಲ್ಲೇ ಮಗಳ ಜೊತೆ ಇದ್ದುಕೊಂಡು, ರವಿಕೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅವನೊಬ್ಬನೇ ಒಳಗೆ ಬಂದ.

"ಮೇಡಂ, ಇವ್ಳಿಗೆ ಮುಟ್ಟು ನಿಂತು ನಾಲ್ಕು ತಿಂಗ್ಳಾಗದೆ. ಬೆಳಗೆದ್ರೆ ಓಕರಿಕೆ. ಹೊಟ್ಟೆನೂ ದಪ್ಪ ಆಗದೆ. ನನ್ ಹೆಂಡ್ತಿ ಎಲ್ಲಾ ನೋಡವ್ಳೆ. ಇವ್ಳ ಮಗ್ಳಿಗೆ ಕುಣಿಗಲ್ ಕಡೆ ಸಂಬಂಧ ಬಂದದೆ, ಅವ್ರ ಕಿವಿಗೆ ಬಿದ್ರೆ ಮುಗೀತು. ಯಾರ್ಗೂ ಗೊತ್ತಾಗ್ದಂಗೆ ಕ್ಲೀನ್ ಮಾಡ್ಬುಡಿ."

"ಅವರೇನು ಹೇಳ್ತಾರೆ?"

"ಬಾಯೇ ಬಿಡಲ್ಲ. ತಪ್ಪಿಲ್ದಿದ್ರೆ ಯಾಕ್ ಸುಮ್ಕಿರ್ತಾಳೆ, ನೀವೇ ಹೇಳಿ."

ಇಂಥ ಮೌನವನ್ನು ನಾನು ಬೇರೆ ಅರ್ಥದಲ್ಲಿ ನೋಡಿದ್ದೆ. ಹೆಣ್ಣೊಬ್ಬಳು ಬಾಯಿ ಬಿಡದಿದ್ದರೆ ಎಷ್ಟೋ ಸಲ ಅದರ ಹಿಂದೆ ಮನೆಯವರದೇ ಕೈವಾಡ ಇರುತ್ತದೆ. ನನ್ನ ಮುಂದೆ ಕೂತಿದ್ದ ಈ ಅಣ್ಣನ ಮೇಲೂ ಅನುಮಾನ ಹುಟ್ಟಿತು. ಅವನನ್ನು ಹೊರಗೆ ಕಳಿಸಿ ಜಯಮ್ಮನನ್ನು ಒಳಗೆ ಕರೆಸಿದೆ.

ಮೂತ್ರ ಪರೀಕ್ಷೆ ನೆಗೆಟಿವ್ ಬಂತು. ಸ್ಕ್ಯಾನ್ ಮಾಡಿದೆ. ಗರ್ಭಕೋಶ ಖಾಲಿ. ಒಳಪದರ ಮಾತ್ರ ನಾನು ಎಣಿಸಿದ್ದಕ್ಕಿಂತ ಸ್ವಲ್ಪ ದಪ್ಪಗಿತ್ತು. ಹಾಗಾದರೆ ಮುಟ್ಟು ಏಕೆ ನಿಂತಿತು? ನಾನು ಹೀಗೆ ಯೋಚಿಸುತ್ತಿರುವಾಗಲೇ ಜಯಮ್ಮನ ಮುಖ ಇದ್ದಕ್ಕಿದ್ದಂತೆ ಕೆಂಪೇರಿ, ಕತ್ತಿನಿಂದ ಬೆವರು ಇಳಿಯತೊಡಗಿತು. ಚಳಿಗಾಲದ ಸಂಜೆ. ನಾನು ಸ್ವೆಟರ್ ಹಾಕಿಕೊಂಡಿದ್ದೆ.

ಎದೆ ಪರೀಕ್ಷಿಸಬೇಕು ಎಂದಾಗ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. "ಅದೊಂದ್ ಬ್ಯಾಡ ಮೇಡಂ." ಹೊಡೆದ ಗಾಯವನ್ನು ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಇಲ್ಲಿ ಹೇಳಿದ್ದು ಅಣ್ಣನವರೆಗೂ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆ ರವಿಕೆಯ ಹುಕ್ ಬಿಚ್ಚಿದಳು. ಎಡಗಡೆಯ ಸ್ತನ ಇರಲಿಲ್ಲ. ಅಲ್ಲಿದ್ದದ್ದು ಮಾಗಿದ ಹೊಲಿಗೆಯ ಗುರುತು. ಅದರ ಮೇಲೆ ಇಟ್ಟುಕೊಂಡಿದ್ದ, ಹತ್ತಿ ತುಂಬಿದ ಪುಟ್ಟ ದಿಂಬನ್ನು ಅವಳೇ ಹೊಲಿದುಕೊಂಡಿದ್ದಳು.

ಹಿಂದಿನ ವರ್ಷ ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಗೊತ್ತಿದ್ದದ್ದು ಅಲ್ಲಿರುವ ಅಕ್ಕನಿಗೆ ಮಾತ್ರ. ಗುಬ್ಬಿಯಲ್ಲಿ ಎಲ್ಲರಿಗೂ ಪಿತ್ತಕೋಶದ ಕಲ್ಲು ತೆಗೆಸಿದ್ದಾಗಿ ಹೇಳಿದ್ದಳು. ಆಮೇಲೆ ಟ್ಯಾಮಾಕ್ಸಿಫೆನ್ ಮಾತ್ರೆ ಶುರುವಾಗಿತ್ತು. ಕೆಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಆ ಹಾರ್ಮೋನು ಸ್ತನದ ಜೀವಕೋಶಗಳ ಮೇಲೆ ಕೆಲಸ ಮಾಡದಂತೆ ಈ ಮಾತ್ರೆ ತಡೆಯುತ್ತದೆ. ಅದರ ಜೊತೆಗೇ ಮೈ ಬಿಸಿಯೇರುವುದು, ಬೆವರು, ಓಕರಿಕೆ ಬರಬಹುದು. ಮುಟ್ಟು ನಿಲ್ಲಬಹುದು, ಮೈ ಬಂದು ಹೊಟ್ಟೆ ದಪ್ಪಗಾಗಬಹುದು. ಅವಳ ಅತ್ತಿಗೆ ಲೆಕ್ಕ ಹಾಕಿದ್ದ ಲಕ್ಷಣಗಳಿಗೆಲ್ಲ ಕಾರಣ ಸಿಕ್ಕಂತಾಯಿತು.

"ಮಾತ್ರೆ ತಪ್ಪದೆ ತಗೋತಿದೀರಾ?"

"ಇಲ್ಲ ಮೇಡಂ, ಹತ್ತು ದಿನದಿಂದ ನಿಲ್ಸಿದೀನಿ. ಮುಟ್ಟು ಬಂದ್ಬುಟ್ರೆ ಅತ್ತಿಗೆ ಬಾಯಿ ಮುಚ್ಚುತ್ತಲ್ಲ ಅಂತ."

ನಿಲ್ಲಿಸಿದ ಮೇಲೂ ಈ ಮಾತ್ರೆಯ ಪ್ರಭಾವ ಕೆಲವು ವಾರ ಮೈಯಲ್ಲಿ ಉಳಿಯುತ್ತದೆ. ಒಂದು ಸುಳ್ಳು ಅಪವಾದವನ್ನು ಅಳಿಸಲು ಅವಳು ಜೀವವನ್ನೇ ಒಡ್ಡಿದ್ದಳು. ನಿಜ ಹೇಳಿಬಿಡಬಾರದೇ ಎಂದೆ.

"ಬಸ್ರಿ ಅಂದ್ರೆ ನನ್ನೊಬ್ಳ ಮಾನ ಹೋಗುತ್ತೆ. ಕ್ಯಾನ್ಸರ್ ಅಂದ್ರೆ ನನ್ ಮಗ್ಳನ್ನ ಯಾರ್ ಮಾಡ್ಕೋತಾರೆ ಮೇಡಂ?"

ಶಿವಣ್ಣನನ್ನು ಕರೆದು, ಗರ್ಭ ಇಲ್ಲ ಎಂದಷ್ಟೇ ಹೇಳಿದೆ. ಅವನು ನನ್ನನ್ನೂ ಅವಳನ್ನೂ ಒಮ್ಮೆ ನೋಡಿದ. "ಹೆಂಗಸ್ರು ಹೆಂಗಸ್ರು ಒಂದಾಗ್ಬುಟ್ರಾ? ಹಂಗಾದ್ರೆ ಮುಟ್ಟು ಯಾಕ್ ನಿಂತದೆ?"

ನಾನು ಉತ್ತರಿಸುವಂತಿರಲಿಲ್ಲ. ರೋಗಿಯ ಗುಟ್ಟು ರೋಗಿಯದು. ನಾನು ಸುಮ್ಮನಿದ್ದಷ್ಟೂ ಅವನ ಅನುಮಾನ ಗಟ್ಟಿಯಾಯಿತು. "ನಡಿಯೇ, ಬೇರೆ ಕಡೆ ತೋರಿಸ್ತೀನಿ," ಎಂದು ತಂಗಿಯ ರಟ್ಟೆ ಹಿಡಿದ.

ಜಯಮ್ಮ ಕೈ ಬಿಡಿಸಿಕೊಂಡಳು. ಪರೀಕ್ಷೆಯ ಹೊತ್ತಿಗೆ ತೆಗೆದು ಚೀಲದಲ್ಲಿಟ್ಟಿದ್ದ ದಿಂಬನ್ನು ನನ್ನ ಮೇಜಿನ ಮೇಲಿಟ್ಟಳು. "ಇದೇನು ಗೊತ್ತೇನಣ್ಣಾ?"

ಅವನು ಅದನ್ನು ಎತ್ತಿ ತಿರುಗಿಸಿ ನೋಡಿದ. ಅರ್ಥವಾಗಲಿಲ್ಲ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನು ಕುರ್ಚಿ ಎಳೆದುಕೊಂಡು ಕೂತ.

"ನನ್ಗೊಂದ್ ಮಾತು ಹೇಳ್ಬಾರ್ದಿತ್ತೇನೇ ಜಯಾ?"

"ನಿಂಗೇಳಿದ್ರೆ ನೀನು ಅತ್ತಿಗೆಗೆ ಹೇಳ್ತಿದ್ದೆ. ಅತ್ತಿಗೆ ಊರಿಗೇ ಹೇಳ್ತಿದ್ಲು."

ಅವನು ದಿಂಬನ್ನು ಮೆಲ್ಲಗೆ ಅವಳ ಕೈಗೆ ಕೊಟ್ಟ.

ಬೆಂಗಳೂರಿನ ಕ್ಯಾನ್ಸರ್ ವೈದ್ಯರಿಗೆ ಆಗಲೇ ಫೋನ್ ಮಾಡಿದೆ. ಮಾತ್ರೆ ಮತ್ತೆ ಶುರುವಾಯಿತು. ಓಕರಿಕೆಗೆಂದು ರಾತ್ರಿ ಊಟವಾದ ಮೇಲೆ ನುಂಗುವುದು, ಮೈ ಬಿಸಿಗೆಂದು ಕಾಫಿ ಕಡಿಮೆ ಮಾಡುವುದು, ತೆಳು ಹತ್ತಿ ಬಟ್ಟೆ ಉಡುವುದು ಎಂದು ಹೇಳಿಕೊಟ್ಟೆ. ರಕ್ತಸ್ರಾವ ಕಂಡರೆ, ರಕ್ತ ಹೆಪ್ಪುಗಟ್ಟಿ ಒಂದೇ ಕಾಲು ಊದಿಕೊಂಡು ನೋವಾದರೆ ಆ ದಿನವೇ ಬರಬೇಕೆಂದೆ. ಈ ಮಾತ್ರೆಯಿಂದ ದಪ್ಪವಾಗಬಹುದಾದ ಗರ್ಭಕೋಶದ ಒಳಪದರದ ಮೇಲೆ ಕಣ್ಣಿಟ್ಟಿದ್ದೆ. ಅದು ತೊಂದರೆ ಕೊಡಲಿಲ್ಲ. ಮೈ ಬಿಸಿಯೇರುವುದು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕಕ್ಕೆ ಶಿವಣ್ಣ ಒಂದು ಟೇಬಲ್ ಫ್ಯಾನ್ ತಂದಿಟ್ಟ.

ಕುಣಿಗಲ್‌ನವರಿಗೆ ವಿಷಯ ತಿಳಿಸಲು ತಂಗಿಯ ಒಪ್ಪಿಗೆ ಪಡೆದು ಅವನೇ ಹೋದ. ಒಂದು ವಾರ ಬಿಟ್ಟು ಅವರು ಜಾತಕ ಕೂಡಲಿಲ್ಲವೆಂದು ಹೇಳಿಕಳಿಸಿದರು. ಮಗಳ ಮದುವೆ ಎರಡು ವರ್ಷ ತಡವಾಗಿ, ಎಲ್ಲ ತಿಳಿದೂ ಒಪ್ಪಿದ ತುಮಕೂರಿನ ಮೇಷ್ಟ್ರೊಬ್ಬರ ಜೊತೆ ಆಯಿತು.

೨೦೦೩ರಲ್ಲಿ ಜಯಮ್ಮನ ಐದು ವರ್ಷದ ಮಾತ್ರೆ ಮುಗಿಯಿತು. ಆರೋಗ್ಯವಾಗಿದ್ದಳು. ಮನೆಯಲ್ಲಿ ಎಲ್ಲ ಸರಿಹೋಯಿತೇ ಎಂದು ಕೇಳಿದೆ. "ಅಣ್ಣ ಸರಿಹೋದ. ನಮ್ಮತ್ತಿಗೆ ಈಗ್ಲೂ ನನ್ ಹೊಟ್ಟೆ ನೋಡೇ ಮಾತಾಡ್ಸೋದು," ಎಂದಳು. ನಗಲಿಲ್ಲ.

ಮಾತ್ರೆಯ ಅಡ್ಡಪರಿಣಾಮಗಳನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಸುತ್ತಲಿನವರು ಅವುಗಳಿಗೆ ಯಾವ ಹೆಸರಿಡುತ್ತಾರೆ ಎಂಬುದು ಅಲ್ಲಿರಲಿಲ್ಲ. ರೋಗಿ ಮಾತ್ರೆ ನಿಲ್ಲಿಸುವುದು ಎಷ್ಟೋ ಸಲ ಸಂಕಟ ತಾಳಲಾರದೆ ಅಲ್ಲ, ಜನರ ಕಣ್ಣು ತಾಳಲಾರದೆ. ಅಂದಿನಿಂದ ನಿವೃತ್ತಿಯವರೆಗೂ, ಯಾರೇ ಯಾವ ಹೆಣ್ಣುಮಗಳನ್ನು ಕರೆತಂದರೂ, ಕರೆತಂದವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದ ಮೇಲೆಯೇ ನಾನು ಮೊದಲ ಪ್ರಶ್ನೆ ಕೇಳುತ್ತಿದ್ದೆ.