ಸೊಸೆಗೆ ಹತ್ತಿದ ಅತ್ತೆಯ ಮಂಡಿನೋವು

ಅರಸೀಕೆರೆಯ ನಮ್ಮ ಮನೆಯ ಹಾಲ್‌ನಲ್ಲಿ ನಾನು ಎನರ್ಜಿ ಹೀಲಿಂಗ್ ಹೇಳಿಕೊಡುತ್ತೇನೆ. ಕೈ ಇಟ್ಟು ನೋವು ಇಳಿಸುವ ವಿದ್ಯೆ. ಮೊದಲ ಪಾಠ ಗ್ರೌಂಡಿಂಗ್: ಪಾದ ಎರಡನ್ನೂ ನೆಲಕ್ಕೆ ಊರಿ, ಅಂಗಾಲಿನಿಂದ ಬೇರು ಇಳಿದಂತೆ ನೆನೆಯುತ್ತ ನಿಧಾನವಾಗಿ ಉಸಿರು ಬಿಡಬೇಕು. ಇಲ್ಲದಿದ್ದರೆ ಎದುರಿಗಿದ್ದವರ ನೋವು ನಮಗೇ ಅಂಟಿಕೊಳ್ಳುತ್ತದೆ ಎನ್ನುತ್ತಾರೆ. "ಫೀಟ್ ಫ್ಲಾಟ್ ಆನ್ ದ ಫ್ಲೋರ್, ಗರ್ಲ್ಸ್" ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ದಿನಾ ಕೂಗುತ್ತಿದ್ದರು. ಆಗ ಅದು ಬರೀ ಮ್ಯಾನರ್ಸ್, ಈಗ ಥೆರಪಿ. ಆ ಕ್ಲಾಸ್‌ರೂಮಿನ ತಣ್ಣನೆಯ ನೆಲ ಒಮ್ಮೊಮ್ಮೆ ತುಂಬ ನೆನಪಾಗುತ್ತದೆ.

ಹಿಂದಿನ ಬೀದಿಯ ಮನೆಯ ಸೊಸೆ ನನ್ನ ಸ್ಟೂಡೆಂಟ್. ಅತ್ತೆಯ ಮಂಡಿನೋವಿಗೆ ಉಪಯೋಗವಾಗುತ್ತದೆಂದು ಹೇಳಿ ಪರ್ಮಿಷನ್ ಗಿಟ್ಟಿಸಿದ್ದಳು. ಬುಧವಾರ ಮಧ್ಯಾಹ್ನದ ಆ ಕ್ಲಾಸು ಬಿಟ್ಟರೆ ಅವಳು ಒಬ್ಬಳೇ ಗೇಟು ದಾಟುತ್ತಲೇ ಇರಲಿಲ್ಲ.

ಒಂದು ಬುಧವಾರ ಅತ್ತೆಯೇ ಅವಳನ್ನು ಕರೆದುಕೊಂಡು ಬಂದರು. ಹಾರನಹಳ್ಳಿ ಕಡೆ ತೆಂಗಿನ ತೋಟವಿರುವ ಮನೆತನ. ದನಿಯೂ ತೋಟದಾಚೆಗೆ ಕೇಳಿಸುವಂಥದ್ದು.

"ಏನ್ ಮೇಡಂ ಇದು? ನನ್ನ ಮಂಡಿ ಸರಿಹೋಯ್ತು, ಇವ್ಳು ಕುಂಟ್ತಾ ಅವ್ಳೆ! ನನ್ನ ನೋವು ಇವ್ಳಿಗೆ ಹತ್ತೈತಂತೆ. ಈಗ ಮುದ್ದೆ ತಿರುವೋದೂ ನಾನೇ, ಬಟ್ಟೆ ಒಗೆಯೋದೂ ನಾನೇ."

ಎಡಗಾಲು ಕುಂಟುತ್ತ ಒಳಗೆ ಬಂದ ಸೊಸೆ, ಕೂರುವಾಗ ಬಲಮಂಡಿ ಹಿಡಿದುಕೊಂಡಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಗ್ರೌಂಡಿಂಗ್ ಸಾಲದು" ಎಂದೆ, ಮುಖ ಬಿಗಿ ಮಾಡಿಕೊಂಡು.

"ಹಂಗಾದ್ರೆ ಕ್ಲಾಸೇ ಬಿಡಿಸ್ತೀನಿ."

ಸೊಸೆಯ ಮುಖ ಸಪ್ಪಗಾಯಿತು. ಆಟ ಕೈಮೀರಿತ್ತು, ಕ್ಲಾಸು ಹೋದರೆ ಬುಧವಾರವೇ ಹೋದಂತೆ.

"ಅರ್ಧಕ್ಕೆ ಬಿಡಿಸಿದ್ರೆ ನೋವು ಅವಳಲ್ಲೇ ಉಳಿಯುತ್ತಲ್ಲ?" ಎಂದೆ. "ಮುದ್ದೆ ಪರ್ಮನೆಂಟಾಗಿ ನಿಮ್ಮದೇ."

ಅವರು ಯೋಚಿಸಿದರು. "ಸರಿ. ನನ್ನೆದುರಿಗೇ ಹೇಳ್ಕೊಡಿ. ವಾರವಾರ ನಾನೂ ಬತ್ತೀನಿ."

ಇದು ಇನ್ನೂ ಕಷ್ಟ. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿದೆ. "ಪಾದದಿಂದ ತೆಂಗಿನ ಬೇರು ಆಳಕ್ಕೆ ಇಳೀತಿದೆ..."

"ತೆಂಗಿನ ಬೇರು ಆಳಕ್ಕೆಲ್ಲಿ ಇಳೀತದೆ? ಅಗಲಕ್ಕೆ ಹರಡೋದು ಕಣ್ರೀ."

"ಆಯ್ತು, ಹುಣಸೆ ಮರ ಅಂದ್ಕೊಳ್ಳಿ."

ಅಷ್ಟರಲ್ಲಿ ಕಿಟಕಿ ಗಡಗಡ ಎಂದಿತು.

"ಬಂತು ಬಂತು! ನೆಲ ನಡುಗ್ತಾ ಐತೆ!"

"ಅದು ಎನರ್ಜಿ ಅಲ್ಲ, ಗೂಡ್ಸ್ ಟ್ರೇನು. ಉಸಿರು ಬಿಡಿ."

ಉಸಿರು ಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಗೊರಕೆಯಾಯಿತು. ನಾನು ಚಪ್ಪಲಿಯ ಕಡೆ ಕಣ್ಣು ಹಾಯಿಸಿದೆ. ಸೊಸೆ ಎದ್ದಳು.

ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಅವಳು ನಡೆದ ಸ್ಪೀಡಿಗೆ ನನಗೇ ಏದುಸಿರು. ಮಸಾಲೆ ದೋಸೆ ಮುರಿಯುತ್ತ ಕೇಳಿದಳು, "ಆಂಟಿ, ಅತ್ತೆ ಪ್ರತಿ ವಾರ ಬಂದ್ರೆ ನನ್ನ ಗತಿ?"

ನಾನು ಇನ್ನೊಂದು ಕಾಫಿ ಹೇಳಿದೆ.

ಹಿಂತಿರುಗಿದಾಗ ಅತ್ತೆ ಎಚ್ಚರವಾಗಿದ್ದರು. ಪಾದ ಕದಲಿಸದೆ ಕಿಟಕಿಯಾಚೆ ನೋಡುತ್ತಿದ್ದರು. "ಮಧ್ಯಾಹ್ನದ ಹೊತ್ತು ಹಿಂಗೆ ಒಬ್ಳೇ ಕೂತು ಎಷ್ಟು ಕಾಲ ಆಗಿತ್ತೋ" ಎಂದರು, ಎಂದೂ ಇಲ್ಲದ ಮೆಲುದನಿಯಲ್ಲಿ. ಮರುಕ್ಷಣ ದನಿ ಮಾಮೂಲಿಗೆ ಬಂತು. "ನಾನು ಶುಕ್ರವಾರ ಬತ್ತೀನಿ. ಬುಧವಾರ ಇವ್ಳೇ ಬರ್ಲಿ. ಇಬ್ರೂ ಒಟ್ಟಿಗೆ ಬಂದ್ರೆ ಮನೆ ಕಾಯೋರ್ಯಾರು?"

ಸೊಸೆ ಕುಂಟುವುದನ್ನೂ ಮರೆತು ಅವರ ಕೈಹಿಡಿದು ಎಬ್ಬಿಸಿದಳು. ಅತ್ತೆ ಆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಶುಕ್ರವಾರ ನಂಗೂ ದೋಸೆ ಇರ್ಲಿ, ಮೇಡಂ."